ಹೆಣ್ಣು ಬೆಟ್ಟಾ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಸಾಕಬಹುದೇ? ಕೊಪ್ಪದ ಮನೆಯೊಂದರ ಅನುಭವ

ಕಳೆದ ವಾರ ಹರಿಹರಪುರ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. ಅವನ ಪ್ರಶ್ನೆ ಇಷ್ಟೇ: "ಅಕ್ಕಾ, ಫೈಟರ್ ಮೀನು ಮರಿ ಮಾಡ್ಸಿದ್ದೆ. ಗಂಡು ಎಲ್ಲ ಹೋಯ್ತು. ಹೆಣ್ಣು ಹತ್ತಿಪ್ಪತ್ತು ಉಳ್ಕೊಂಡಿದಾವೆ. ಒಂದೊಂದಕ್ಕೂ ಒಂದೊಂದು ಬಾಟ್ಲಿ ಇಡಕ್ಕೆ ಜಾಗ ಇಲ್ಲ. ಎಲ್ಲ ಒಟ್ಟಿಗೆ ಒಂದು ಅಕ್ವೇರಿಯಂಗೆ ಬಿಡ್ಲಾ?"

"ಬಿಡು" ಅಂತ ಒಂದೇ ಮಾತಲ್ಲಿ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. "ಬೇಡ" ಅನ್ನಲಿಕ್ಕೂ ಆಗಲಿಲ್ಲ. ಯಾಕೆಂದರೆ ನಮ್ಮ ಮನೆಯ ಜಗಲಿಯಲ್ಲಿ ಈಗ ಐದು ಹೆಣ್ಣು ಬೆಟ್ಟಾ ಒಂದೇ ತೊಟ್ಟಿಯಲ್ಲಿವೆ, ಒಂದು ವರ್ಷ ದಾಟಿತು. ಆದರೆ ಆ ಐದನ್ನು ಉಳಿಸಿಕೊಳ್ಳುವ ಮೊದಲು ನಾನು ಮೂರು ಮೀನು ಕಳೆದುಕೊಂಡಿದ್ದೇನೆ. ಅದರಲ್ಲಿ ಒಂದು ಸತ್ತದ್ದು ಜಗಳದಿಂದ, ಎರಡು ಸತ್ತದ್ದು ನನ್ನ ತಪ್ಪಿನಿಂದ. ಹಾಗಾಗಿ ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಅಡಿಕೆಗೆ ಹಳದಿ ಎಲೆ ರೋಗ ಬಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಎಷ್ಟೋ ಮನೆಗಳಲ್ಲಿ ಉಪಕಸುಬಿನ ಹುಡುಕಾಟ ನಡೆದಿದೆ. ಅಲಂಕಾರಿಕ ಮೀನು ಸಾಕುವ ಆಲೋಚನೆ ಇದ್ದವರಿಗೂ ಇದು ಉಪಯೋಗಕ್ಕೆ ಬರಬಹುದು.

ಮೊದಲು ಈ ಮೀನಿನ ಸ್ವಭಾವ ತಿಳಿಯಿರಿ

ಬೆಟ್ಟಾ ಅಂದರೆ ನಮ್ಮ ಸೊಪ್ಪಿನ ಬೆಟ್ಟ ಅಲ್ಲ, ಮೀನಿನ ಹೆಸರು! ಅಂಗಡಿಯಲ್ಲಿ ಫೈಟರ್ ಅಂತಲೇ ಕೇಳಬೇಕು. ಇದರ ವೈಜ್ಞಾನಿಕ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್. ಮೂಲ ಊರು ಥಾಯ್ಲೆಂಡ್. ಅಲ್ಲಿನ ಭತ್ತದ ಗದ್ದೆ, ಜೌಗು, ನಿಧಾನ ಹರಿಯುವ ತೋಡುಗಳಲ್ಲಿ ಇದರ ವಾಸ. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು.

ನಮ್ಮ ಗದ್ದೆ, ಕೆರೆಗಳ ಕುಚ್ಚು ಮೀನು ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುವುದನ್ನು ನೀವು ನೋಡಿರಬಹುದು. ಬೆಟ್ಟಾ ಕೂಡ ಹಾಗೆಯೇ. ಕಿವಿರಿನ ಜೊತೆಗೆ ತಲೆಯೊಳಗೆ ಲ್ಯಾಬಿರಿಂತ್ ಎಂಬ ಮಡಿಕೆ ಮಡಿಕೆಯಾದ ಅಂಗ ಇದೆ. ಅದರಿಂದ ನೇರವಾಗಿ ಗಾಳಿಯನ್ನು ಉಸಿರಾಡುತ್ತದೆ. ಹಾಗಾಗಿಯೇ ಅಂಗಡಿಯವರು ಇದನ್ನು ಚಿಕ್ಕ ಡಬ್ಬಿಯಲ್ಲಿ ಇಟ್ಟು ಮಾರುತ್ತಾರೆ. ಅದು ಬದುಕುತ್ತದೆ ಅನ್ನುವುದು ನಿಜ. ಅಲ್ಲಿ ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಜಗಳದ ವಿಷಯಕ್ಕೆ ಬರೋಣ. ಎರಡು ಗಂಡು ಒಟ್ಟಿಗೆ ಬಿಟ್ಟರೆ ಹೊಡೆದಾಡಿ ಹರಿದುಕೊಳ್ಳುತ್ತವೆ, ಅದು ಎಲ್ಲರಿಗೂ ಗೊತ್ತು. ಹೆಣ್ಣು ಸಾಧು ಅಂತ ಒಂದು ಮಾತಿದೆ. ಅದು ಪೂರ್ತಿ ಸರಿಯಲ್ಲ. ಹೆಣ್ಣು ಕೂಡ ತನ್ನ ಜಾಗ ಕಾಯುವ ಮೀನೇ. ವ್ಯತ್ಯಾಸ ಏನೆಂದರೆ, ಸೋತವಳು ಓಡಿ ಮರೆಗೆ ಹೋದರೆ ಗೆದ್ದವಳು ಸಾಮಾನ್ಯವಾಗಿ ಅಲ್ಲಿಗೇ ಬಿಡುತ್ತಾಳೆ. ಓಡಲು ಜಾಗ ಇಲ್ಲದಿದ್ದರೆ ಅವಳೂ ಬಿಡುವುದಿಲ್ಲ.

ಕೋಳಿ ಸಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೂಡಿನಲ್ಲಿ ಯಾರು ಯಾರನ್ನು ಕುಕ್ಕಬೇಕು ಅನ್ನುವುದಕ್ಕೆ ಒಂದು ಕ್ರಮ ಇರುತ್ತದೆ. ನಾರ್ವೆಯ ಶೆಲ್ಡೆರುಪ್-ಎಬ್ಬೆ ಎಂಬ ಪ್ರಾಣಿಶಾಸ್ತ್ರಜ್ಞ 1920ರ ದಶಕದಲ್ಲಿ ಕೋಳಿಗಳ ಈ ಕ್ರಮದ ಬಗ್ಗೆ ಬರೆದರು. ಹೆಣ್ಣು ಬೆಟ್ಟಾಗಳಲ್ಲೂ ಇಂಥದ್ದೇ ಮೇಲು ಕೆಳಗಿನ ಕ್ರಮ ಬರುತ್ತದೆ. ಕ್ರಮ ಗಟ್ಟಿಯಾದ ಮೇಲೆ ತೊಟ್ಟಿ ಶಾಂತ. ಕ್ರಮ ಅಲುಗಾಡಿದರೆ ಮತ್ತೆ ಜಗಳ. ಅವು ಗೆಳತಿಯರಲ್ಲ. ಒಂದೇ ಬಚ್ಚಲು ಹಂಚಿಕೊಂಡ ಬಾಡಿಗೆ ಮನೆಯವರ ಹಾಗೆ ಅಂತ ತಿಳಿದುಕೊಳ್ಳಿ.

ನಾನು ಮೊದಲು ಮಾಡಿದ ತಪ್ಪು

ದೀಪಾವಳಿ ಸಮಯದಲ್ಲಿ ಒಂದು ಅಂಗಡಿಯಿಂದ ಮೂರು ಹೆಣ್ಣು ತಂದೆ. ಮನೆಯಲ್ಲಿ ಎರಡು ಅಡಿಯ ತೊಟ್ಟಿ ಇತ್ತು. ಅಡಿಯಲ್ಲಿ ಬಣ್ಣದ ಕಲ್ಲು, ಮಧ್ಯೆ ಒಂದು ಪ್ಲಾಸ್ಟಿಕ್ ಗಿಡ, ಅಷ್ಟೇ. ನೋಡಲು ಚೆಂದ ಇತ್ತು. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನದಿಂದ ನೀಲಿ ಮೀನು ಒಂದು ಬಿಳಿ ಮೀನನ್ನು ಅಟ್ಟಿಸಿಕೊಂಡು ಹೋಗಲು ಶುರು ಮಾಡಿತು. "ಆಟ ಆಡ್ತಿದಾವೆ" ಅಂತ ಮಗಳು ನಗ್ತಿದ್ದಳು. ನಾನೂ ನಕ್ಕೆ. ಅಡಿಕೆ ಕೊಯ್ಲಿನ ದಿನಗಳು, ಅಂಗಳದ ತುಂಬ ಕೆಲಸ. ಹನ್ನೊಂದನೇ ದಿನ ಬೆಳಿಗ್ಗೆ ಬಿಳಿ ಮೀನು ಮೂಲೆಯಲ್ಲಿ ತೇಲುತ್ತಿತ್ತು. ಬಾಲದ ರೆಕ್ಕೆ ಪೂರ್ತಿ ಹೋಗಿತ್ತು, ಪಕ್ಕದ ಹುರುಪೆ ಎದ್ದಿತ್ತು.

ಅಲ್ಲಿ ಮೂರು ತಪ್ಪುಗಳಿದ್ದವು. ಒಂದು, ಸಂಖ್ಯೆ ಕಡಿಮೆ. ಎರಡು ಅಥವಾ ಮೂರೇ ಇದ್ದರೆ ಬಲವಾದವಳ ಸಿಟ್ಟೆಲ್ಲ ಒಬ್ಬಳ ಮೇಲೆ ಬೀಳುತ್ತದೆ. ಎರಡು, ಮರೆ ಇಲ್ಲದ ತೊಟ್ಟಿ. ಈ ಮೂಲೆಯಲ್ಲಿ ನಿಂತವಳಿಗೆ ಆ ಮೂಲೆಯವಳು ಇಡೀ ದಿನ ಕಾಣುತ್ತಿದ್ದಳು. ಮೂರು, ಅವು ಒಂದೇ ಮನೆಯ ಮೀನಲ್ಲ. ಬೇರೆ ಬೇರೆ ಡಬ್ಬಿಯಲ್ಲಿ ಒಂಟಿಯಾಗಿ ತಿಂಗಳುಗಟ್ಟಲೆ ಇದ್ದು ಬಂದವು. ಒಂಟಿ ಇದ್ದ ಮೀನಿಗೆ ಆ ಡಬ್ಬಿಯೇ ರಾಜ್ಯ.

ಅದಕ್ಕಿಂತ ದೊಡ್ಡ ತಪ್ಪು ನಾಲ್ಕನೆಯದು. ಜಗಳ ಕಂಡಾಗ ಬೇರೆ ಮಾಡಲು ಮನೆಯಲ್ಲಿ ಇನ್ನೊಂದು ತೊಟ್ಟಿಯಾಗಲೀ ಡಬ್ಬಿಯಾಗಲೀ ತಯಾರಿರಲಿಲ್ಲ. "ನಾಳೆ ನೋಡಿದ್ರಾಯ್ತು" ಅಂದುಕೊಂಡೆ.

ಹೆಣ್ಣೇ ಹೌದಾ, ನೋಡಿ ತನ್ನಿ

ಉದ್ದ ಬಾಲದ ಗಂಡನ್ನು ಯಾರೂ ಗುರುತಿಸುತ್ತಾರೆ. ಆದರೆ ಪ್ಲಾಕಾಟ್ ಅಂತ ಗಿಡ್ಡ ರೆಕ್ಕೆಯ ತಳಿ ಇದೆ. ಅದರ ಎಳೆ ಗಂಡು ಹೆಣ್ಣಿನ ಹಾಗೇ ಕಾಣುತ್ತದೆ. ನನಗೂ ಒಮ್ಮೆ ಹೆಣ್ಣು ಅಂತ ಕೊಟ್ಟದ್ದು ಎರಡು ವಾರದಲ್ಲಿ ನೀರಿನ ಮೇಲೆ ನೊರೆಗೂಡು ಕಟ್ಟಲು ಶುರು ಮಾಡಿತ್ತು. ಪುಣ್ಯಕ್ಕೆ ಅದು ಬೇರೆ ಡಬ್ಬಿಯಲ್ಲಿತ್ತು.

ಹೆಣ್ಣಿನ ಹೊಟ್ಟೆಯ ಕೆಳಗೆ, ಮುಂದಿನ ಜೋಡಿ ರೆಕ್ಕೆಗಳ ಹಿಂದೆ, ಉಪ್ಪಿನ ಹರಳಿನಷ್ಟು ಚಿಕ್ಕ ಬಿಳಿ ಚುಕ್ಕೆ ಇರುತ್ತದೆ. ಮೊಟ್ಟೆ ಹೊರಬರುವ ಜಾಗ ಅದು. ಎಳೆ ಗಂಡಿನಲ್ಲೂ ಒಮ್ಮೊಮ್ಮೆ ಅಂಥ ಚುಕ್ಕೆ ಕಾಣುತ್ತದೆ, ಹಾಗಾಗಿ ಅದೊಂದನ್ನೇ ನಂಬಬೇಡಿ. ಮೈ ದುಂಡಗೆ, ಮುಂದಿನ ರೆಕ್ಕೆ ಗಿಡ್ಡ, ಕಿವಿರು ಅಗಲಿಸಿದಾಗ ಅದರ ಕೆಳಗಿನ ಗಡ್ಡದಂಥ ಪೊರೆ ಚಿಕ್ಕದು, ಇವೆಲ್ಲ ಸೇರಿದರೆ ಹೆಣ್ಣು. ಅನುಮಾನ ಇದ್ದರೆ ಮೂರು ನಾಲ್ಕು ವಾರ ಬೇರೆ ಇಟ್ಟು ನೋಡಿ. ಗುಂಪಿನಲ್ಲಿ ಒಂದು ಗಂಡು ಸೇರಿಕೊಂಡರೆ ಎಲ್ಲ ಲೆಕ್ಕ ತಪ್ಪುತ್ತದೆ.

ಎರಡನೇ ಸಲ: ಒಂದೇ ಮರಿಯ ಅಕ್ಕತಂಗಿಯರು

ಎರಡನೇ ಸಲ ಅಂಗಡಿಯಿಂದ ಬಿಡಿ ಬಿಡಿ ಹೆಣ್ಣು ತರಲಿಲ್ಲ. ಒಂದು ಜೋಡಿ ತಂದು ಫೆಬ್ರವರಿಯಲ್ಲಿ ಮರಿ ಮಾಡಿಸಿದೆ. ಬೆಟ್ಟಾದಲ್ಲಿ ಗೂಡು ಕಟ್ಟುವುದು, ಮೊಟ್ಟೆ ಕಾಯುವುದು ಎಲ್ಲ ಗಂಡಿನ ಕೆಲಸ. ಮೊಟ್ಟೆ ಇಟ್ಟ ಕೂಡಲೇ ಹೆಣ್ಣನ್ನು ತೆಗೆಯಬೇಕು, ಇಲ್ಲದಿದ್ದರೆ ಗಂಡು ಅವಳನ್ನು ಹೊಡೆಯುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ಮತ್ತೆ ಎರಡು ಮೂರು ದಿನಕ್ಕೆ ಮರಿ ಸ್ವತಂತ್ರವಾಗಿ ಈಜಲು ಶುರು ಮಾಡಿದಾಗ ಗಂಡನ್ನೂ ತೆಗೆಯಬೇಕು.

ದೊಡ್ಡ ಮೀನು ಸಾಕಣೆ ಕೇಂದ್ರಗಳಲ್ಲೂ ಇದೇ ಪದ್ಧತಿ: ಮರಿಗಳೆಲ್ಲ ಒಂದೇ ತೊಟ್ಟಿಯಲ್ಲಿ ಬೆಳೆಯುತ್ತವೆ. ಎರಡು ಮೂರು ತಿಂಗಳಲ್ಲಿ ಗಂಡುಗಳು ಕಾದಾಡಲು ಶುರು ಮಾಡಿದಾಗ ಅವನ್ನು ಒಂದೊಂದಾಗಿ ಬಾಟಲಿಗೆ ಹಾಕುತ್ತಾರೆ. ಹೆಣ್ಣುಗಳು ಒಟ್ಟಿಗೇ ಉಳಿಯುತ್ತವೆ. ಹುಟ್ಟಿದಾಗಿನಿಂದ ಒಟ್ಟಿಗೆ ಇದ್ದವು ಮುಂದೆಯೂ ಒಟ್ಟಿಗೆ ಇರುವ ಸಾಧ್ಯತೆ ಹೆಚ್ಚು. ಆದ್ದರಿಂದ ನಿಮ್ಮಲ್ಲೇ ಮರಿಯಾದ ಹೆಣ್ಣುಗಳಿದ್ದರೆ ಅವುಗಳನ್ನು ಮಧ್ಯೆ ಬೇರೆ ಮಾಡಬೇಡಿ. ಒಂದು ತಿಂಗಳು ಬಾಟಲಿಯಲ್ಲಿಟ್ಟು ಆಮೇಲೆ ಸೇರಿಸಿದರೆ ಅಕ್ಕತಂಗಿಯರೂ ಅಪರಿಚಿತರೇ.

ಹೊರಗಿನಿಂದಲೇ ತರುವುದಾದರೆ ಒಂದೇ ಕಡೆಯಿಂದ, ಒಂದೇ ವಯಸ್ಸಿನ, ಒಂದೇ ಗಾತ್ರದ, ಒಂದೇ ತೊಟ್ಟಿಯಲ್ಲಿದ್ದ ಮೀನು ತನ್ನಿ. ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ರೋಗ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಹೊಸ ದನ ತಂದಾಗ ನೇರ ಕೊಟ್ಟಿಗೆಗೆ ಕಟ್ಟದ ಹಾಗೆ.

ತೊಟ್ಟಿ ಎಷ್ಟು ದೊಡ್ಡದು, ಒಳಗೆ ಏನಿರಬೇಕು

ನನ್ನ ಲೆಕ್ಕ ಹೀಗಿದೆ. ಉದ್ದ 3 ಅಡಿ, ಅಗಲ 1 ಅಡಿ, ಎತ್ತರ 1 ಅಡಿಯ ತೊಟ್ಟಿ ಹಿಡಿಯುವುದು ಸುಮಾರು 85 ಲೀಟರ್. ಅದರಲ್ಲಿ ಐದರಿಂದ ಏಳು ಹೆಣ್ಣು. ಐದಕ್ಕಿಂತ ಕಡಿಮೆ ಬೇಡ. ಎತ್ತರದ ತೊಟ್ಟಿಗಿಂತ ಉದ್ದದ ತೊಟ್ಟಿ ಒಳ್ಳೆಯದು, ಏಕೆಂದರೆ ಓಡಿ ತಪ್ಪಿಸಿಕೊಳ್ಳಲು ಬೇಕಾದ್ದು ಉದ್ದ. ನೀರು, ಕಲ್ಲು, ಗಾಜು ಸೇರಿ ನೂರು ಕೆಜಿ ದಾಟುತ್ತದೆ. ಹಳೇ ಮರದ ಬೆಂಚಿನ ಮೇಲೆ ಇಡಬೇಡಿ.

ಒಳಗೆ ಗಿಡ ತುಂಬಿರಬೇಕು. ತುಂಬಿರಬೇಕು ಅಂದರೆ, ಈ ಬದಿಯಿಂದ ನೋಡಿದರೆ ಆ ಬದಿಯ ಮೀನು ಕಾಣಬಾರದು. ಹೈಡ್ರಿಲ್ಲಾ ನಮ್ಮ ಕೆರೆಗಳಲ್ಲೇ ಸಿಗುತ್ತದೆ, ಬೇಗ ಬೆಳೆಯುತ್ತದೆ. ಮೇಲೆ ತೇಲಲು ಅಂತರಗಂಗೆ. ಅದರ ಬೇರು ಕೆಳಗೆ ಇಳಿಬಿದ್ದು ಒಳ್ಳೆಯ ಮರೆಯಾಗುತ್ತದೆ. ಆದರೆ ನೀರಿನ ಮೇಲ್ಮೈಯ ಅರ್ಧದಷ್ಟು ಖಾಲಿ ಬಿಡಿ, ಮೀನು ಮೇಲೆ ಬಂದು ಗಾಳಿ ತೆಗೆದುಕೊಳ್ಳಬೇಕಲ್ಲ. ಕೆರೆಯಿಂದ ತಂದ ಗಿಡವನ್ನು ಒಂದು ವಾರ ಬಕೆಟ್ಟಿನಲ್ಲಿಟ್ಟು, ದಿನಾ ನೀರು ಬದಲಿಸಿ, ಹುಳ ಹುಪ್ಪಟೆ ನೋಡಿ ಆಮೇಲೆ ಹಾಕಿ.

ಅಡಗಲು ಗೂಡು ಬೇಕು. ಕುದಿಸಿ, ತಿಕ್ಕಿ, ನಾರು ತೆಗೆದ ತೆಂಗಿನ ಚಿಪ್ಪು, ಒಡೆದ ಮಣ್ಣಿನ ಮಡಕೆ, ಪಿವಿಸಿ ಪೈಪಿನ ತುಂಡು ಎಲ್ಲ ಆಗ್ತದೆ. ಅಂಚು ಚೂಪಾಗಿರಬಾರದು. ಮೀನು ಎಷ್ಟಿದೆಯೋ ಅದಕ್ಕಿಂತ ಎರಡು ಗೂಡು ಹೆಚ್ಚಿರಲಿ. ಪ್ರತಿ ಗೂಡಿಗೂ ಎರಡು ಬಾಗಿಲು ಇರಲಿ. ಒಂದೇ ಬಾಗಿಲಿದ್ದರೆ ಒಳಗೆ ಹೋದವಳು ಸಿಕ್ಕಿಬೀಳುತ್ತಾಳೆ. ಅಡಿಕೆ ಹಾಳೆ, ಅಡಿಕೆ ಸಿಪ್ಪೆ ಹಾಕಬೇಡಿ. ಅವು ಕೊಳೆತು ನೀರು ಕೆಡಿಸುತ್ತವೆ.

ಮೇಲೆ ಮುಚ್ಚಳ ಕಡ್ಡಾಯ. ಬೆಟ್ಟಾ ಹಾರುವ ಮೀನು, ಅದರಲ್ಲೂ ಅಟ್ಟಿಸಿಕೊಂಡು ಬಂದಾಗ. ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಇಂಚು ಜಾಗ ಬಿಡಿ. ಫಿಲ್ಟರ್‌ಗೆ ಗಾಳಿ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಸಾಕು. ರಭಸದ ನೀರು ಈ ಮೀನಿಗೆ ಆಗುವುದಿಲ್ಲ.

ತೊಟ್ಟಿ ತುಂಬಿಸಿದ ದಿನವೇ ಮೀನು ಬಿಡಬಾರದು. ಮೀನಿನ ಹೇಲು, ಉಳಿದ ತಿಂಡಿಯಿಂದ ಅಮೋನಿಯಾ ಬರುತ್ತದೆ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಗೊಬ್ಬರದ ಗುಂಡಿ ಹದಕ್ಕೆ ಬರಲು ಸಮಯ ಬೇಕಲ್ಲ, ಹಾಗೆಯೇ. ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಮೀನಿನ ತಿಂಡಿ ಹಾಕುತ್ತಾ ಬನ್ನಿ. ಟೆಸ್ಟ್ ಕಿಟ್ ತಂದು ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು ಬಿಡಿ. ನಡೆಯುತ್ತಿರುವ ಆರೋಗ್ಯದ ತೊಟ್ಟಿಯಿಂದ ಹಳೆ ಸ್ಪಂಜು ಸಿಕ್ಕರೆ ಈ ಕೆಲಸ ಬೇಗ ಮುಗಿಯುತ್ತದೆ.

ಬಿಡುವ ದಿನ

ಎಲ್ಲವನ್ನೂ ಒಂದೇ ದಿನ ಬಿಡಬೇಕು. ಇವತ್ತು ಎರಡು, ಮುಂದಿನ ವಾರ ಮೂರು ಅಂತ ಬಿಟ್ಟರೆ ಮೊದಲು ಬಂದವು ತೊಟ್ಟಿಯನ್ನು ಹಂಚಿಕೊಂಡು ಕೂತಿರುತ್ತವೆ. ಸಂಜೆ ಹೊತ್ತು, ದೀಪ ಆರಿಸಿ ಬಿಡಿ. ಎಲ್ಲರಿಗಿಂತ ಜೋರಿನವಳು ಯಾರು ಅಂತ ಗೊತ್ತಿದ್ದರೆ ಅವಳನ್ನು ಕೊನೆಗೆ ಬಿಡಿ.

ಮೊದಲ ಎರಡು ಗಂಟೆ ತೊಟ್ಟಿ ಎದುರು ಕೂರಿ. ಮೊದಲ ಮೂರು ದಿನ ಮನೆಯಲ್ಲಿ ಯಾರಾದರೂ ಇರುವ ಹಾಗೆ ನೋಡಿಕೊಳ್ಳಿ. ಮದುವೆ, ಗೃಹಪ್ರವೇಶ ಅಂತ ಊರಿಗೆ ಹೋಗುವ ವಾರ ಈ ಕೆಲಸಕ್ಕೆ ಕೈ ಹಾಕಬೇಡಿ. ಎರಡು ವಾರದಲ್ಲಿ ಒಂದು ಕ್ರಮ ನಿಲ್ಲುತ್ತದೆ.

ಯಾವ ಜಗಳ ಸರಿ, ಯಾವುದು ಸರಿ ಅಲ್ಲ?

ಕಿವಿರು ಅಗಲಿಸಿ ಎದುರಾಬದುರು ನಿಲ್ಲುವುದು, ನಾಲ್ಕು ಸೆಕೆಂಡು ಅಟ್ಟಿಸಿ ಬಿಡುವುದು, ರೆಕ್ಕೆಯಲ್ಲಿ ಸಣ್ಣದೊಂದು ಸೀಳು ಇವು ಸಾಮಾನ್ಯ. ಗಾಬರಿ ಬೇಡ.

ಒಂದೇ ಮೀನನ್ನು ಮರೆಯವರೆಗೂ ಹಿಂಬಾಲಿಸುವುದು, ಗೂಡಿನಿಂದ ಎಳೆದು ಕಚ್ಚುವುದು, ಬಾಲ ದಿನದಿಂದ ದಿನಕ್ಕೆ ಗಿಡ್ಡವಾಗುವುದು, ಹುರುಪೆ ಏಳುವುದು ಸಾಮಾನ್ಯ ಅಲ್ಲ. ಹಾಗೆಯೇ ಒಂದು ಮೀನು ಮೇಲಿನ ಮೂಲೆಯಲ್ಲಿ ರೆಕ್ಕೆ ಮುದುಡಿಕೊಂಡು ನಿಂತಿದ್ದರೆ, ತಿಂಡಿಗೆ ಬರದಿದ್ದರೆ, ಮೈ ಮೇಲೆ ತಲೆಯಿಂದ ಬಾಲದವರೆಗೆ ಅಡ್ಡ ಗೆರೆಗಳು ಎದ್ದಿದ್ದರೆ ಅದು ಹೆದರಿದೆ ಅಂತ ಅರ್ಥ. ಬೆನ್ನಿನಿಂದ ಹೊಟ್ಟೆಯ ಕಡೆಗೆ ಮೇಲೆ ಕೆಳಗೆ ಇರುವ ಪಟ್ಟೆ ಬೇರೆ. ಅದು ಮೊಟ್ಟೆಗೆ ಬಂದ ಹೆಣ್ಣಿನ ಲಕ್ಷಣ, ಅದಕ್ಕೆ ಭಯ ಬೇಡ.

ಹೆದರಿದ ಮೀನು ಕಂಡರೆ ಅವತ್ತೇ ತೆಗೆಯಿರಿ. ಯಾರನ್ನು ತೆಗೆಯಬೇಕು? ಗಾಯಗೊಂಡವಳನ್ನು ಚಿಕಿತ್ಸೆಗೆ, ಜೋರಿನವಳನ್ನು ಶಿಕ್ಷೆಗೆ! ಇಬ್ಬರನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ. ಗಾಯದ ಮೀನಿನ ಡಬ್ಬಿಗೆ ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಹರಳುಪ್ಪು ಕರಗಿಸಿ ಹಾಕಿ, ನೀರು ದಿನಾ ಸ್ವಲ್ಪ ಬದಲಿಸಿ. ಗಿಡ ಇರುವ ದೊಡ್ಡ ತೊಟ್ಟಿಗೆ ಉಪ್ಪು ಬೇಡ. ಜೋರಿನವಳನ್ನು ಒಂದು ವಾರ ಹೊರಗಿಟ್ಟು, ತೊಟ್ಟಿಯ ಕಲ್ಲು, ಗೂಡು, ಗಿಡಗಳ ಜಾಗ ಬದಲಿಸಿ, ಆಮೇಲೆ ವಾಪಸ್ ಬಿಡಿ. ತನ್ನದು ಅಂದುಕೊಂಡ ಜಾಗ ಕಾಣದೆ ಅವಳು ಹೊಸಬಳ ಹಾಗೆ ಇರುತ್ತಾಳೆ. ಎರಡನೇ ಸಲವೂ ಅದೇ ಚಾಳಿ ಆದರೆ ಅವಳು ಒಂಟಿಯಾಗಿ ಬಾಳಲು ಹುಟ್ಟಿದವಳು ಅಂತ ತಿಳಿದು ಬೇರೆಯೇ ಇಡಿ.

ಅದಕ್ಕೇ ನನ್ನ ಮೊದಲ ಸೂತ್ರ: ಏಳು ಮೀನಿಗೆ ಏಳು ಖಾಲಿ ಡಬ್ಬಿ. ಹತ್ತು ಲೀಟರಿನ ಬಕೆಟ್ ಆದರೂ ಸರಿ, ಮುಚ್ಚಳ ಇರಬೇಕು. ಮೀನಿಗಿಂತ ಮೊದಲು ಡಬ್ಬಿ ಜೋಡಿಸಿ. ಡಬ್ಬಿ ಉಳಿಸಲೆಂದೇ ಹೆಣ್ಣುಗಳನ್ನು ಒಟ್ಟಿಗೆ ಬಿಡುತ್ತೇನೆ ಅನ್ನುವವರಿಗೆ ಈ ಪದ್ಧತಿ ಹೇಳಿದ್ದಲ್ಲ.

ನಮ್ಮ ಊರಿನ ನೀರು, ನಮ್ಮ ಊರಿನ ಮಳೆ

ಮಲೆನಾಡಿನ ನೀರು ಮೆದು, ಸ್ವಲ್ಪ ಹುಳಿ. ಬೆಟ್ಟಾಕ್ಕೆ ಅದು ಹಿಡಿಸುತ್ತದೆ. ರಸಸಾರ 6ರಿಂದ 7.5ರ ನಡುವೆ ಇದ್ದರೆ ಸಾಕು. ಆದರೆ ತೀರಾ ಮೆದು ನೀರಿನಲ್ಲಿ ರಸಸಾರ ಕುಸಿಯುತ್ತಾ ಹೋಗಿ 6ಕ್ಕಿಂತ ಕೆಳಗೆ ಬಂದರೆ ಫಿಲ್ಟರಿನ ಬ್ಯಾಕ್ಟೀರಿಯಾ ಮಂಕಾಗುತ್ತವೆ. ಬಟ್ಟೆಯ ಚೀಲದಲ್ಲಿ ಒಂದು ಹಿಡಿ ತೊಳೆದ ಸಮುದ್ರದ ಚಿಪ್ಪಿನ ಚೂರು ಕಟ್ಟಿ ಇಟ್ಟರೆ ನಿಧಾನಕ್ಕೆ ಸರಿಯಾಗುತ್ತದೆ. ತೋಟದ ಹುಳಿ ಮಣ್ಣಿಗೆ ಹಾಕಿದ ಹಾಗೆ ತೊಟ್ಟಿಗೆ ಸುಣ್ಣ ಹಾಕಿಬಿಡಬೇಡಿ ಮಾರಾಯ್ರೆ. ರಸಸಾರ ಒಮ್ಮೆಲೇ ಏರಿ ಮೀನು ಸಾಯುತ್ತದೆ. ಒಣಗಿ ಉದುರಿದ ಕಾಡುಬಾದಾಮಿ ಎಲೆ ಒಂದೆರಡು ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಮೀನಿಗೆ ಅದು ಒಳ್ಳೆಯದೇ, ಮರೆಯೂ ಆಗುತ್ತದೆ.

ಈಗ ನನ್ನ ಎರಡನೇ ತಪ್ಪು. ಮೇ ಕೊನೆಗೆ ಏಳು ಅಕ್ಕತಂಗಿಯರನ್ನು ತೊಟ್ಟಿಗೆ ಬಿಟ್ಟಿದ್ದೆ. ಎರಡು ವಾರ ಎಲ್ಲ ಚೆನ್ನಾಗಿತ್ತು. ಜೂನ್‌ನಲ್ಲಿ ಕೊಳೆ ರೋಗಕ್ಕೆ ಮೊದಲ ಸುತ್ತು ಔಷಧಿ ಹೊಡೆಸಿದೆವು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎಲ್ಲರೂ ಮಾಡುವ ಶೇಕಡಾ ಒಂದರ ಬೋರ್ಡೋ. ಡ್ರಮ್ಮು ತೊಳೆದದ್ದು ಅಬ್ಬಿ ನೀರು ಬರುವ ಕಾಲುವೆಯ ಪಕ್ಕ. ಮರುದಿನ ತೊಟ್ಟಿಯ ಕಾಲು ಭಾಗ ನೀರು ಬದಲಿಸಲು ನಾನು ಅದೇ ಕಾಲುವೆಯಿಂದ ಕೊಡಪಾನ ತುಂಬಿದೆ. ಕೈಗೆ ಅಭ್ಯಾಸವಾದ ಕೆಲಸ, ಯೋಚನೆಯೇ ಬರಲಿಲ್ಲ. ಸಂಜೆ ಮೀನುಗಳು ಮೇಲೆ ಬಂದು ಏದುಸಿರು ಬಿಡುತ್ತಿದ್ದವು. ಒಳಗಿನ ಬಾವಿಯ ನೀರಿಗೆ ಬದಲಿಸುವಷ್ಟರಲ್ಲಿ ಎರಡು ಹೋಗಿದ್ದವು.

ಮೈಲುತುತ್ತದಲ್ಲಿ ಇರುವುದು ತಾಮ್ರ. ಮೀನಿನ ಕಿವಿರಿಗೆ ತಾಮ್ರ ವಿಷ. ಗಡಸು ನೀರಿಗಿಂತ ನಮ್ಮಂಥ ಮೆದು, ಹುಳಿ ನೀರಿನಲ್ಲಿ ಅದರ ವಿಷ ಇನ್ನೂ ಜಾಸ್ತಿ. ಹಾಗಾಗಿ ಔಷಧಿ ಹೊಡೆಯುವ ತಿಂಗಳುಗಳಲ್ಲಿ ತೋಟದ ಕೆಳಗಿನ ನೀರು, ತೋಟದ ಹೊಂಡದ ನೀರು, ಔಷಧಿಯ ಮಂಜು ಬಿದ್ದ ಮಾಡಿನ ನೀರು ಮೂರನ್ನೂ ಮೀನಿಗೆ ಮುಟ್ಟಿಸಬೇಡಿ. ಒಂದು ಡ್ರಮ್ ಒಳ್ಳೆ ನೀರು ಮೊದಲೇ ತುಂಬಿಸಿ ಮುಚ್ಚಿಡಿ. ಔಷಧಿ ಹೊಡೆದ ಕೈಯನ್ನು ಸೋಪು ಹಾಕಿ ತೊಳೆಯದೆ ತೊಟ್ಟಿಗೆ ಹಾಕಬೇಡಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ತೊಟ್ಟಿಯ ನೀರು ತಣ್ಣಗಾದಾಗ ಬಚ್ಚಲಿನ ತಾಮ್ರದ ಹಂಡೆಯಿಂದ ಬಿಸಿನೀರು ತಂದು ಬೆರೆಸುವ ಮನಸ್ಸಾಗುತ್ತದೆ. ಬೇಡ. ರಾತ್ರಿಯಿಡೀ ಹಂಡೆಯಲ್ಲಿ ಬಿಸಿಯಾಗಿ ನಿಂತ ಹುಳಿ ನೀರು ತಾಮ್ರವನ್ನು ಕರಗಿಸಿಕೊಂಡಿರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿದ ನೀರು ಬಳಸಿ. ಪಟ್ಟಣದ ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ತೆರೆದ ಪಾತ್ರೆಯಲ್ಲಿ ಇಡಿ.

ಬೆಟ್ಟಾಕ್ಕೆ 25ರಿಂದ 28 ಡಿಗ್ರಿ ಶಾಖ ಬೇಕು. ಆಷಾಢದಲ್ಲಿ ನಮ್ಮ ಜಗಲಿಯ ನೀರು 21ಕ್ಕೆ ಇಳಿದದ್ದಿದೆ. ಚಳಿಯಲ್ಲಿ ಮೀನು ಜಡವಾಗಿ, ತಿಂಡಿ ಬಿಟ್ಟು, ರೋಗಕ್ಕೆ ತುತ್ತಾಗುತ್ತದೆ. ಜಡವಾದವಳನ್ನು ಉಳಿದವರು ಕಚ್ಚುತ್ತಾರೆ. 85 ಲೀಟರಿಗೆ 100 ವ್ಯಾಟ್ ಹೀಟರ್ ಸಾಕು. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಗಾಳಿ ಮಳೆಗೆ ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ನಮ್ಮಲ್ಲಿ ಹೊಸದಲ್ಲ. ಆಗ ತೊಟ್ಟಿಯ ಮೂರು ಬದಿಗೆ ಕಂಬಳಿ ಸುತ್ತಿ, ತಿಂಡಿ ನಿಲ್ಲಿಸಿ. ಗಾಳಿ ಉಸಿರಾಡುವ ಮೀನಾದ್ದರಿಂದ ಪಂಪ್ ನಿಂತರೂ ಉಸಿರುಗಟ್ಟಿ ಸಾಯುವುದಿಲ್ಲ. ತಿಂಡಿ ಹಾಕಿದರೆ ನೀರು ಕೆಟ್ಟು ಸಾಯುತ್ತದೆ.

ತಿಂಡಿ

ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ತೊಟ್ಟಿಯ ಎರಡೂ ತುದಿಯಲ್ಲಿ ಒಟ್ಟಿಗೇ ಹಾಕಿ. ಒಂದೇ ಕಡೆ ಹಾಕಿದರೆ ಜೋರಿನವಳು ಎಲ್ಲ ನುಂಗಿ, ಕೊನೆಯವಳು ಉಪವಾಸ. ವಾರಕ್ಕೆ ಒಂದು ದಿನ ಎಲ್ಲರಿಗೂ ಉಪವಾಸ, ಏಕಾದಶಿ ಅಂದುಕೊಳ್ಳಿ. ಬೆಟ್ಟಾ ಮಾಂಸಾಹಾರಿ. ಬೆಟ್ಟಾಕ್ಕೆಂದೇ ಬರುವ ಸಣ್ಣ ಕಾಳಿನ ತಿಂಡಿ, ವಾರಕ್ಕೆರಡು ಸಲ ಸೊಳ್ಳೆ ಮರಿ ಅಥವಾ ನೀರು ಚಿಗಟ ಕೊಡಬಹುದು. ತೋಟದಲ್ಲಿ ಬಿದ್ದ ಹಾಳೆಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮರಿ ಬೇಕಾದಷ್ಟು ಸಿಗುತ್ತದೆ. ಆದರೆ ಔಷಧಿಯ ಹನಿ ಬಿದ್ದಿರುವುದೂ ಅಲ್ಲಿಯೇ. ಅದನ್ನು ಮೀನಿಗೆ ಕೊಡಬೇಡಿ. ಡೆಂಗಿ ಬರುವುದೂ ಆ ನೀರಿನಿಂದಲೇ, ಹಾಳೆ ಕವುಚಿ ಹಾಕಿ.

ಹೊಟ್ಟೆ ದುಂಡಗಾದ ಹೆಣ್ಣು ಕಂಡು ಗಾಬರಿಯಾಗಬೇಡಿ. ಗಂಡಿಲ್ಲದಿದ್ದರೂ ಮೊಟ್ಟೆ ತುಂಬುತ್ತದೆ, ತಾನಾಗಿಯೇ ಕರಗುತ್ತದೆ ಅಥವಾ ಉದುರುತ್ತದೆ. ಹೊಟ್ಟೆ ಉಬ್ಬಿ ಹುರುಪೆಗಳು ಹಲಸಿನ ಮುಳ್ಳಿನ ಹಾಗೆ ಎದ್ದು ನಿಂತರೆ ಮಾತ್ರ ಅದು ರೋಗ, ತಕ್ಷಣ ಬೇರೆ ಮಾಡಿ.

ಒಂದು ಸತ್ತರೆ, ಒಂದು ಸೇರಿಸಿದರೆ

ಎರಡು ಮೀನು ಸತ್ತ ಮೇಲೆ ಉಳಿದ ಐದರಲ್ಲಿ ಹತ್ತು ದಿನ ಮತ್ತೆ ಗಲಾಟೆ. ಸತ್ತವರಲ್ಲಿ ಒಬ್ಬಳು ಆ ತೊಟ್ಟಿಯ ಯಜಮಾನಿಯಾಗಿದ್ದಳು. ಅವಳ ಜಾಗಕ್ಕೆ ಇಬ್ಬರ ಪೈಪೋಟಿ. ಒಬ್ಬಳನ್ನು ಒಂದು ವಾರ ಡಬ್ಬಿಯಲ್ಲಿಟ್ಟು, ಕಲ್ಲು ಗಿಡ ಬದಲಿಸಿ ಬಿಟ್ಟ ಮೇಲೆ ತಣ್ಣಗಾಯಿತು. "ಏಳು ಮಾಡೋಣ" ಅಂತ ಮಗಳು ಹೊಸ ಎರಡು ತರಲು ಹಟ ಮಾಡಿದಳು. ನಾನು ತರಲಿಲ್ಲ. ನೆಲೆಯಾದ ಗುಂಪಿಗೆ ಹೊಸಬರನ್ನು ಸೇರಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಒಂದು ವರ್ಷ ಸರಿಯಿದ್ದ ಗುಂಪೂ ಒಂದು ದಿನ ಒಡೆಯಬಹುದು. ಆದ್ದರಿಂದ ಡಬ್ಬಿಗಳನ್ನು ಅಟ್ಟಕ್ಕೆ ಹಾಕಬೇಡಿ, ಕೈಗೆ ಸಿಗುವಲ್ಲಿ ಇಡಿ.

ಬೇಡವಾದ ಮೀನನ್ನು ಹೊಳೆಗೆ ಬಿಡಬೇಡಿ

ಸಾಕಲು ಆಗದಿದ್ದರೆ ತುಂಗೆಗೋ ಭದ್ರೆಗೋ ಕೆರೆಗೋ ಬಿಟ್ಟರಾಯಿತು ಅನ್ನುವವರಿದ್ದಾರೆ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಅಕ್ಕಿ, ಮಂಡಕ್ಕಿ ಹಾಕಿ ಕೈ ಮುಗಿಯುವ ಜನ ನಾವು. ಆ ನೀರಿಗೆ ಹೊರಗಿನ ಜಾತಿ, ಅದರ ರೋಗ ಎರಡನ್ನೂ ಸೇರಿಸಬಾರದು. ಬೆಚ್ಚಗಿನ, ನಿಂತ ನೀರು ಸಿಕ್ಕರೆ ಬೆಟ್ಟಾ ಹೊರಗೂ ನೆಲೆಯೂರುತ್ತದೆ. ಆಸ್ಟ್ರೇಲಿಯಾದ ಉತ್ತರ ಭಾಗದ ಅಡಿಲೇಡ್ ನದಿಯ ಬಯಲಿನಲ್ಲಿ ಹಾಗೆ ಆಗಿದೆ. ಹೆಚ್ಚಾದ ಮೀನನ್ನು ಸಾಕುವವರಿಗೆ ಕೊಡಿ.

ಉಪಕಸುಬು ಮಾಡುವವರಿಗೆ

ಮರಿ ಮಾಡಿಸಿದರೆ ಸುಮಾರು ಅರ್ಧ ಹೆಣ್ಣೇ ಬರುತ್ತದೆ. ಗ್ರಾಹಕರು ಕೇಳುವುದು ಉದ್ದ ಬಾಲದ ಗಂಡು. ಹೆಣ್ಣುಗಳನ್ನು ಎಲ್ಲಿ ಇಡುತ್ತೇನೆ, ಯಾರಿಗೆ ಕೊಡುತ್ತೇನೆ ಅನ್ನುವ ಲೆಕ್ಕ ಹಾಕಿಯೇ ಮರಿ ಮಾಡಿಸಿ. 2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ಇಟ್ಟಿದ್ದರು. ಸಾಮಾನ್ಯ ವರ್ಗಕ್ಕೆ ಶೇಕಡಾ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇಕಡಾ 60 ಸಹಾಯಧನ. ಈ ವರ್ಷ ಅರ್ಜಿ ಕರೆದಿದ್ದಾರಾ ಅಂತ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಸಾಲ ಮಾಡುವ ಮೊದಲು ಒಂದು ಮರಿ ಬೆಳೆಸಿ, ಮಾರಿ ನೋಡಿ.

ಫೋನ್ ಮಾಡಿದ ಹುಡುಗನಿಗೆ ನಾನು ಕೊನೆಗೆ ಹೇಳಿದ್ದು ಇದು: "ಹುಟ್ಟಿದಾಗಿಂದ ಒಟ್ಟಿಗೆ ಇದ್ರೆ ಒಟ್ಟಿಗೇ ಇರ್ಲಿ. ಏಳು ಇಟ್ಕೋ, ಉಳಿದದ್ದು ಕೊಡು. ಮೂರಡಿ ತೊಟ್ಟಿ ಮಾಡ್ಸು, ಗಿಡ ತುಂಬ್ಸು. ಏಳು ಡಬ್ಬಿ ತಂದಿಟ್ಟು ನಂಗೆ ಫೋನ್ ಮಾಡು." ಮೊನ್ನೆ ಫೋನ್ ಬಂತು. ಡಬ್ಬಿ ನಾಲ್ಕು ಆಗಿದೆಯಂತೆ. ಇನ್ನೂ ಮೂರು ಆಗಲಿ, ಆಮೇಲೆ ಬಿಡು ಅಂದಿದ್ದೇನೆ.